ಹೊಸ ವರ್ಷಕ್ಕೆ ಹೈನುಗಾರರ ಯೋಜನೆ: ಹಸುವಿನ ಪಂಚಾಂಗದಿಂದ ಶುರು ಮಾಡಿ



ನಮಗೆಲ್ಲ ವರ್ಷಕ್ಕೆ ಮೂರು ಹೊಸ ವರ್ಷ. ಜನವರಿ 1ಕ್ಕೆ ಗೋಡೆಯ ಕ್ಯಾಲೆಂಡರ್ ಬದಲಾಗುತ್ತದೆ. ಏಪ್ರಿಲ್ 1ಕ್ಕೆ ಸಂಘದ ಲೆಕ್ಕದ ಪುಸ್ತಕ ಬದಲಾಗುತ್ತದೆ. ಅದರ ಆಸುಪಾಸಿನಲ್ಲೇ ಬೇವು ಬೆಲ್ಲದ ಯುಗಾದಿ ಬರುತ್ತದೆ. ಕೊಟ್ಟಿಗೆಯಲ್ಲಿ ಕಟ್ಟಿರುವ ಹಸುವಿಗೆ ಈ ಮೂರೂ ಗೊತ್ತಿಲ್ಲ. ಅದರ ಹೊಸ ವರ್ಷ ಶುರುವಾಗುವುದು ಕರು ಹಾಕಿದ ದಿನ. ಹೈನುಗಾರಿಕೆಯಲ್ಲಿ ವರ್ಷದ ಯೋಜನೆ ಹಾಕುವವರು ಈ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಎರಡು ಮೂರು ಹಸು ಕಟ್ಟಿದವರು "ನಮ್ಮದೇನು ದೊಡ್ಡ ವ್ಯಾಪಾರವೇ, ಯೋಜನೆ ಯಾಕೆ?" ಎನ್ನುವುದುಂಟು. ಯೋಚಿಸಿ ನೋಡಿ. ದಿನಕ್ಕೆ ಎರಡು ಹೊತ್ತು ಸರಕು ಮಾರುತ್ತೀರಿ. ಹಿಂಡಿ, ಬೂಸಾ, ಹುಲ್ಲು ಕೊಳ್ಳುತ್ತೀರಿ. ಸಾಲ ತಂದಿದ್ದರೆ ಕಂತು ಕಟ್ಟುತ್ತೀರಿ. ಮನೆಯವರೆಲ್ಲ ದುಡಿಯುತ್ತೀರಿ. ಇದು ವ್ಯಾಪಾರವೇ. ಕಿರಾಣಿ ಅಂಗಡಿಯವರು ಬೇಕಾದರೆ ಒಂದು ವಾರ ಬಾಗಿಲು ಹಾಕಬಹುದು, ನಿಮಗೆ ಒಂದು ದಿನವೂ ರಜೆಯಿಲ್ಲ. ಹಾಗಾಗಿ ಅವರಿಗಿಂತ ನಿಮಗೇ ಯೋಜನೆ ಹೆಚ್ಚು ಬೇಕು.

ಆಸೆ ಬೇರೆ, ಗುರಿ ಬೇರೆ

"ಈ ವರ್ಷ ಹಾಲು ಜಾಸ್ತಿ ಮಾಡಬೇಕು." ಇದು ಆಸೆ. "ಕೆಂಪಿ ಹಸುವಿನ ಬೆದೆಯನ್ನು ದಿನಕ್ಕೆ ಎರಡು ಸಲ ನೋಡಿ, ಈ ತಿಂಗಳು ಬೆದೆಗೆ ಬಂದಾಗ ತಪ್ಪದೆ ಕೃತಕ ಗರ್ಭಧಾರಣೆ ಮಾಡಿಸಬೇಕು." ಇದು ಗುರಿ. ಆಸೆಗೆ ದಿನಾಂಕವಿಲ್ಲ, ಮಾಡುವವರ ಹೆಸರಿಲ್ಲ. ಗುರಿಗೆ ಎರಡೂ ಇರುತ್ತವೆ.

ಇನ್ನೊಂದು ವ್ಯತ್ಯಾಸವಿದೆ. ಹಾಲಿನ ದರ, ಹಿಂಡಿಯ ಬೆಲೆ, ಮಳೆ ಇವು ನಮ್ಮ ಕೈಯಲ್ಲಿಲ್ಲ. ಇವುಗಳ ಮೇಲೆ ಗುರಿ ಇಟ್ಟುಕೊಂಡರೆ ವರ್ಷದ ಕೊನೆಗೆ ಬೇಸರವೇ ಉಳಿಯುತ್ತದೆ. ಬೆದೆ ಗುರುತಿಸುವುದು, ಸಮಯಕ್ಕೆ ಹಾಲು ಬತ್ತಿಸುವುದು, ಮೇವು ಬೆಳೆಯುವುದು, ಲಸಿಕೆ ಹಾಕಿಸುವುದು, ಲೆಕ್ಕ ಬರೆಯುವುದು ನಮ್ಮ ಕೈಯಲ್ಲಿವೆ. ಗುರಿ ಇರಬೇಕಾದದ್ದು ಇವುಗಳ ಮೇಲೆ.

ಮೊದಲು ಹಿಂದಿನ ವರ್ಷದ ಲೆಕ್ಕ

ಮುಂದೆ ಹೆಜ್ಜೆ ಇಡುವ ಮೊದಲು ಹಿಂದಕ್ಕೆ ಒಮ್ಮೆ ತಿರುಗಿ ನೋಡಿ. ಸಂಘದ ಪಾಸ್ ಪುಸ್ತಕ ಅಥವಾ ಬಟವಾಡೆ ಚೀಟಿಗಳನ್ನು ತೆಗೆದು ವರ್ಷಕ್ಕೆ ಎಷ್ಟು ಲೀಟರ್ ಹಾಕಿದ್ದೀರಿ ಎಂದು ಕೂಡಿ. ಚೀಟಿ ಕಳೆದುಹೋಗಿದ್ದರೆ ಕಾರ್ಯದರ್ಶಿಯವರನ್ನು ಕೇಳಿ, ಸಂಘದಲ್ಲಿ ನಿಮ್ಮ ಲೆಕ್ಕ ಇರುತ್ತದೆ. ಆಮೇಲೆ ಪಶು ಆಹಾರ, ಹಿಂಡಿ, ಹುಲ್ಲು, ಚಿಕಿತ್ಸೆ, ವಿಮೆ, ಸಾಲದ ಬಡ್ಡಿ ಇವುಗಳಿಗೆ ಕೊಟ್ಟ ಹಣವನ್ನು ಕೂಡಿ. ಖರ್ಚನ್ನು ಲೀಟರಿನಿಂದ ಭಾಗಿಸಿದರೆ ಒಂದು ಲೀಟರ್ ಹಾಲಿಗೆ ಕೈಯಿಂದ ಎಷ್ಟು ಹೋಗಿದೆ ಎಂದು ತಿಳಿಯುತ್ತದೆ.

ಲೆಕ್ಕಕ್ಕೆ ಸುಲಭವಾಗಲೆಂದು ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮೂರು ಮಿಶ್ರತಳಿ ಹಸುಗಳು. ವರ್ಷಕ್ಕೆ ಸಂಘಕ್ಕೆ ಹಾಕಿದ ಹಾಲು 6,000 ಲೀಟರ್. ಒಟ್ಟು ಖರ್ಚು 1,62,000 ರೂಪಾಯಿ. ಅಂದರೆ ಲೀಟರಿಗೆ 27 ರೂಪಾಯಿ. ಸಿಕ್ಕಿದ ದರ 35 ರೂಪಾಯಿ ಎಂದಿಟ್ಟುಕೊಂಡರೆ ಉಳಿದದ್ದು ಲೀಟರಿಗೆ 8 ರೂಪಾಯಿ, ವರ್ಷಕ್ಕೆ 48,000 ರೂಪಾಯಿ. ದಿನಕ್ಕೆ ಹಂಚಿದರೆ 131 ರೂಪಾಯಿ. ಇದರಲ್ಲಿ ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಹುಲ್ಲು ಕೊಯ್ದು, ಹಾಲು ಕರೆದವರ ಕೂಲಿ ಸೇರಿಲ್ಲ.

ಈ ಲೆಕ್ಕ ನೋಡಿ ಗಾಬರಿಯಾಗಬೇಡಿ. ಅದೇ ಮೂರು ಹಸುಗಳು 6,000ದ ಬದಲು 7,000 ಲೀಟರ್ ಕೊಟ್ಟರೆ ಏನಾಗುತ್ತದೆ ನೋಡಿ. ಹೆಚ್ಚಿನ 1,000 ಲೀಟರಿಗೆ 35,000 ರೂಪಾಯಿ ಬರುತ್ತದೆ. ಲೀಟರಿಗೆ 400 ಗ್ರಾಂನಂತೆ ಹೆಚ್ಚಿಗೆ 400 ಕೆ.ಜಿ. ಪಶು ಆಹಾರ ಬೇಕು. ಕೆ.ಜಿ.ಗೆ 25 ರೂಪಾಯಿ ಹಿಡಿದರೂ 10,000 ರೂಪಾಯಿ. ಉಳಿಯುವುದು 25,000. ಕೊಟ್ಟಿಗೆ ಅದೇ, ಹಸು ಅವೇ, ದುಡಿಮೆಯೂ ಹೆಚ್ಚುಕಡಿಮೆ ಅಷ್ಟೇ. 48,000 ಇದ್ದದ್ದು 73,000 ಆಗುತ್ತದೆ. ಈ ಅಂಕಿಗಳ ಜಾಗದಲ್ಲಿ ನಿಮ್ಮ ಮನೆಯ ಅಂಕಿಗಳನ್ನು ಹಾಕಿ ನೋಡಿ. ಪ್ರೋತ್ಸಾಹಧನ ಮತ್ತು ಗೊಬ್ಬರದ ಹಣವನ್ನು ಬೇರೆಯಾಗಿ ಬರೆಯಿರಿ, ಹಾಲಿನ ಲೆಕ್ಕದಲ್ಲಿ ಬೆರೆಸಬೇಡಿ.

ಆ 1,000 ಲೀಟರ್ ಎಲ್ಲಿಂದ ಬರುತ್ತದೆ? ಬಹಳ ಮನೆಗಳಲ್ಲಿ ಅದು ಸುಮ್ಮನೆ ಕಳೆದುಹೋದ ದಿನಗಳಲ್ಲಿ ಅಡಗಿರುತ್ತದೆ.

ಹಸುವಿನ ಪಂಚಾಂಗ

ಹಸುವಿನ ವರ್ಷದಲ್ಲಿ ನೆನಪಿಡಬೇಕಾದ ಸಂಖ್ಯೆಗಳು ಕೆಲವೇ. ಗಬ್ಬದ ಅವಧಿ ಸುಮಾರು 280 ದಿನ, ಅಂದರೆ 9 ತಿಂಗಳು 10 ದಿನ. ಎಮ್ಮೆಗೆ ಸುಮಾರು 310 ದಿನ. ಗಬ್ಬ ನಿಲ್ಲದಿದ್ದರೆ ಸುಮಾರು 21 ದಿನಕ್ಕೊಮ್ಮೆ ಬೆದೆ ಬರುತ್ತದೆ. ಕರು ಹಾಕುವ 60 ದಿನ ಮೊದಲು ಹಾಲು ಬತ್ತಿಸಬೇಕು. ಕರು ಹಾಕಿ 60 ದಿನ ಕಳೆದ ಮೇಲೆ, 90 ದಿನದೊಳಗೆ ಮತ್ತೆ ಗಬ್ಬ ಕಟ್ಟಿಸಬೇಕು. 85ನೇ ದಿನ ಗಬ್ಬ ನಿಂತರೆ 85ಕ್ಕೆ 280 ಸೇರಿ 365. ವರ್ಷಕ್ಕೊಂದು ಕರು ಎನ್ನುವ ಮಾತಿನ ಹಿಂದಿರುವ ಲೆಕ್ಕ ಇಷ್ಟೇ. 305 ದಿನ ಹಾಲು, 60 ದಿನ ವಿಶ್ರಾಂತಿ.

ಈಗ ಆ ಮೂರು ಹಸುಗಳ ಮನೆಗೆ ಬರೋಣ. ಹಸುಗಳ ಹೆಸರು ಗೌರಿ, ಲಕ್ಷ್ಮಿ, ಕೆಂಪಿ ಎಂದಿಟ್ಟುಕೊಳ್ಳಿ.

ಗೌರಿ ಜನವರಿ 10ಕ್ಕೆ ಕರು ಹಾಕಿದೆ. ಏಪ್ರಿಲ್ 5ರ ಹೊತ್ತಿಗೆ ಗಬ್ಬ ನಿಂತರೆ ನವೆಂಬರ್ 11ಕ್ಕೆ ಹಾಲು ಬತ್ತಿಸಿ, ಮುಂದಿನ ಜನವರಿ 10ಕ್ಕೆ ಮತ್ತೆ ಕರು.

ಲಕ್ಷ್ಮಿಗೆ ಕಳೆದ ಆಗಸ್ಟ್ 15ರಂದು ಕೃತಕ ಗರ್ಭಧಾರಣೆ ಆಗಿದೆ, ಗಬ್ಬ ಖಚಿತವಾಗಿದೆ. ಮಾರ್ಚ್ 23ಕ್ಕೆ ಹಾಲು ಬತ್ತಿಸಬೇಕು. ಮೇ 22ರ ಸುಮಾರಿಗೆ ಕರು ಹಾಕುತ್ತದೆ.

ಕೆಂಪಿ ಕಳೆದ ಆಗಸ್ಟ್ 12ಕ್ಕೆ ಕರು ಹಾಕಿದೆ. ಐದು ತಿಂಗಳಾಯಿತು, ಇನ್ನೂ ಗಬ್ಬವಿಲ್ಲ. "ಹಾಲು ಕೊಡುತ್ತಿದೆಯಲ್ಲ, ನೋಡೋಣ" ಎಂದು ಬಿಟ್ಟಿದ್ದಾರೆ. ಜನವರಿ 20ಕ್ಕೆ ಬೆದೆಗೆ ಬರಲಿದೆ. ಅಂದೇ ಗರ್ಭಧಾರಣೆ ಮಾಡಿಸಿ ನಿಂತರೆ ಆಗಸ್ಟ್ 28ಕ್ಕೆ ಹಾಲು ಬತ್ತಿಸಿ, ಅಕ್ಟೋಬರ್ 27ಕ್ಕೆ ಕರು.

ಮೂರನ್ನೂ ಒಟ್ಟಿಗೆ ನೋಡಿ. ಲಕ್ಷ್ಮಿ ಬೇಸಿಗೆಯಲ್ಲಿ, ಕೆಂಪಿ ಮಳೆಗಾಲದ ಕೊನೆಯಲ್ಲಿ, ಗೌರಿ ಚಳಿಗಾಲದಲ್ಲಿ ಹಾಲು ನಿಲ್ಲಿಸುತ್ತವೆ. ವರ್ಷದ ಯಾವ ದಿನ ನೋಡಿದರೂ ಎರಡು ಹಸುವಿನ ಹಾಲು ಸಂಘಕ್ಕೆ ಹೋಗುತ್ತಿರುತ್ತದೆ. ಬಟವಾಡೆ ಒಮ್ಮೆಯೂ ಪೂರ್ತಿ ಬೀಳುವುದಿಲ್ಲ.

ಕೆಂಪಿಯ ಜನವರಿ 20, ಫೆಬ್ರುವರಿ 10, ಮಾರ್ಚ್ 3ರ ಬೆದೆಗಳು ತಪ್ಪಿಹೋದವು ಎಂದುಕೊಳ್ಳಿ. ಒಂದು ಸಲ ಮದುವೆಗೆ ಹೋಗಿದ್ದೆವು, ಒಂದು ಸಲ ರಾತ್ರಿ ಬೆದೆ ಬಂದದ್ದು ಗೊತ್ತಾಗಲಿಲ್ಲ, ಒಂದು ಸಲ ಫೋನ್ ಮಾಡುವುದು ತಡವಾಯಿತು. ಕೊನೆಗೆ ಮಾರ್ಚ್ 24ಕ್ಕೆ ಗಬ್ಬ ನಿಂತಿತು. ಆಗ ಕರು ಹಾಕುವುದು ಡಿಸೆಂಬರ್ 29ಕ್ಕೆ, ಹಾಲು ಬತ್ತಿಸುವುದು ಅಕ್ಟೋಬರ್ 30ಕ್ಕೆ. ಗೌರಿಯೂ ನವೆಂಬರ್ 11ಕ್ಕೆ ಹಾಲು ನಿಲ್ಲಿಸುತ್ತದೆ. ಅಲ್ಲಿಂದ ಸುಮಾರು ಏಳು ವಾರ ಲಕ್ಷ್ಮಿಯೊಂದರ ಹಾಲು ಮಾತ್ರ, ಅದೂ ಕರು ಹಾಕಿ ಆರು ತಿಂಗಳಾಗಿ ಇಳಿಯುತ್ತಿರುವ ಹಾಲು. ರಾಗಿ ಕೊಯ್ಲಿನ ಕೂಲಿ ಕೊಡುವುದು, ವರ್ಷದ ಹುಲ್ಲು ಕೊಳ್ಳುವುದು ಅದೇ ಸಮಯದಲ್ಲಿ. ಸಾಲದ ಕಂತು ಹಸು ಹಾಲು ಕೊಟ್ಟರೂ ಬರುತ್ತದೆ, ಕೊಡದಿದ್ದರೂ ಬರುತ್ತದೆ. ಕೈಸಾಲ ಹುಟ್ಟುವುದು, ಗಬ್ಬದ ಹಸುವನ್ನೇ ಸಿಕ್ಕಿದ ಬೆಲೆಗೆ ಸಂತೆಗೆ ಹೊಡೆಯುವುದು ಇಂಥ ವಾರಗಳಲ್ಲೇ. ನವೆಂಬರಿನ ಆ ಕಷ್ಟದ ಬೀಜ ಬಿದ್ದದ್ದು ಜನವರಿಯಲ್ಲಿ ತಪ್ಪಿದ ಒಂದು ಬೆದೆಯಲ್ಲಿ.

ಒಂದು ಬೆದೆ ತಪ್ಪಿದರೆ 21 ದಿನ ನಷ್ಟ. ಹಸುವನ್ನು ಸಾಕಲು ದಿನಕ್ಕೆ 150 ರೂಪಾಯಿ ಖರ್ಚು ಎಂದು ಹಿಡಿದರೂ 3,150 ರೂಪಾಯಿ. ಮೂರು ಬೆದೆಗೆ 9,450. ಯಾರೂ ಜೇಬಿನಿಂದ ಎತ್ತಿಕೊಂಡು ಹೋಗದ ಹಣವಾದ್ದರಿಂದ ಇದು ನಮಗೆ ಕಾಣುವುದಿಲ್ಲ.

ಬೆದೆ ತಪ್ಪದಿರಲು

ಬಹಳಷ್ಟು ಹಸುಗಳು ರಾತ್ರಿ ಅಥವಾ ಬೆಳಗಿನ ಜಾವ ಬೆದೆಗೆ ಬರುತ್ತವೆ. ಬೆಳಿಗ್ಗೆ ಹಾಲು ಕರೆಯುವ ಮುಂಚೆ ಮತ್ತು ರಾತ್ರಿ ಮಲಗುವ ಮುಂಚೆ ಹತ್ತು ಹದಿನೈದು ನಿಮಿಷ ಕೊಟ್ಟಿಗೆಯಲ್ಲಿ ನಿಂತು ನೋಡಿ. ಕೂಗುವುದು, ಮೇವು ಬಿಡುವುದು, ಹಾಲು ದಿಢೀರನೆ ಇಳಿಯುವುದು, ಪದೇ ಪದೇ ಗಂಜಲ ಹೊಯ್ಯುವುದು, ತಿಳಿಯಾದ ಲೋಳೆ ಸೋರುವುದು, ಬೇರೆ ಹಸು ಮೇಲೆ ಹಾರಿದಾಗ ಅಲುಗಾಡದೆ ನಿಲ್ಲುವುದು ಬೆದೆಯ ಲಕ್ಷಣಗಳು. ಎಮ್ಮೆಗಳಲ್ಲಿ ಈ ಲಕ್ಷಣಗಳು ಸಾಮಾನ್ಯವಾಗಿ ಮಂದವಾಗಿರುತ್ತವೆ, ಇನ್ನೂ ಎಚ್ಚರಿಕೆಯಿಂದ ನೋಡಬೇಕು.

ಬೆಳಿಗ್ಗೆ ಬೆದೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ದಿನ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಒಂದೇ ಸಲಕ್ಕೆ ಎಲ್ಲ ಹಸುಗಳೂ ಗಬ್ಬ ನಿಲ್ಲುವುದಿಲ್ಲ. ಆದ್ದರಿಂದ ಮಾಡಿಸಿದ ದಿನವನ್ನು ಬರೆದಿಟ್ಟು, 21ನೇ ದಿನದ ಆಸುಪಾಸಿನಲ್ಲಿ ಮತ್ತೆ ಬೆದೆ ಬರುತ್ತದೆಯೇ ಎಂದು ನೋಡಿ. ಬಾರದಿದ್ದರೆ ಗಬ್ಬ ಎಂದು ನಂಬಿ ಕೂರಬೇಡಿ. ಎರಡೂವರೆ ಮೂರು ತಿಂಗಳಿಗೆ ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ. ಮೂರು ಸಲ ಮಾಡಿಸಿದರೂ ನಿಲ್ಲದಿದ್ದರೆ ನಾಲ್ಕನೆಯದಕ್ಕೆ ಮೊದಲು ವೈದ್ಯರಿಗೆ ತೋರಿಸಿ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ ಕೊಡುವುದನ್ನು ಬಿಡಬೇಡಿ. ಬೆದೆಗೆ ಬಾರದ ಹಸುಗಳಲ್ಲಿ ಖನಿಜಾಂಶದ ಕೊರತೆ ಸಾಮಾನ್ಯವಾಗಿ ಕಾಣುವ ಕಾರಣಗಳಲ್ಲೊಂದು.

ಹಿಂದೊಮ್ಮೆ ಗ್ರಾಮ ಭೇಟಿಯಲ್ಲಿ ಒಂದು ಮನೆಗೆ ಹೋಗಿದ್ದೆ. ಹಸುಗಳ ದಿನಾಂಕ ಕೇಳಿದರೆ ಯಜಮಾನರು ತಲೆ ಕೆರೆದುಕೊಂಡರು. ಅವರ ಹೆಂಡತಿ ಮಾತಾಡದೆ ಕೊಟ್ಟಿಗೆಯ ಗೋಡೆ ತೋರಿಸಿದರು. ಇದ್ದಿಲಿನಲ್ಲಿ ಪ್ರತಿ ಹಸುವಿಗೂ ಒಂದು ಸಾಲು. ಕರು ಹಾಕಿದ್ದು, ಬೆದೆ ಬಂದದ್ದು, ಡಾಕ್ಟರು ಬಂದದ್ದು ಎಲ್ಲ ಅಲ್ಲಿತ್ತು. ಆ ವರ್ಷ ಸುಣ್ಣ ಹೊಡೆಯುವಾಗ ಆ ಭಾಗ ಮಾತ್ರ ಬಿಟ್ಟಿದ್ದರು. ಇದಕ್ಕಿಂತ ದೊಡ್ಡ ರಿಜಿಸ್ಟರ್ ನಿಮಗೂ ಬೇಕಿಲ್ಲ. ಯೋಜನೆ ಹಾಕಲು ಕೂರುವಾಗ ಹಾಲು ಕರೆಯುವ ಕೈ ಯಾರದೋ ಅವರ ಮಾತನ್ನು ಮೊದಲು ಕೇಳಿ. ಹಸುವಿನ ಸಂಗತಿ ಅವರಿಗೇ ಹೆಚ್ಚು ಗೊತ್ತಿರುತ್ತದೆ.

ಮೇವಿನ ಲೆಕ್ಕ

ಒಂದು ಹಸುವಿಗೆ ದಿನಕ್ಕೆ 25 ಕೆ.ಜಿ. ಹಸಿ ಮೇವು, 6 ಕೆ.ಜಿ. ಒಣ ಮೇವು ಎಂದು ಲೆಕ್ಕ ಹಾಕಿ. ಮೂರು ಹಸುವಿಗೆ ದಿನಕ್ಕೆ 75 ಕೆ.ಜಿ. ಹಸಿ, 18 ಕೆ.ಜಿ. ಒಣ ಮೇವು. ವರ್ಷಕ್ಕೆ ಸುಮಾರು 27 ಟನ್ ಹಸಿ, ಆರೂವರೆ ಟನ್ ಒಣ ಮೇವು.

ನೀರಿನ ಅನುಕೂಲವಿರುವವರು 10 ಗುಂಟೆಯಲ್ಲಿ ಸಿಓ-4 ಅಥವಾ ಸಿಓ-5 ನೇಪಿಯರ್ ಹಾಕಬಹುದು. ಮೊದಲ ಕಟಾವು 70ರಿಂದ 75 ದಿನಕ್ಕೆ, ಆಮೇಲೆ 45 ದಿನಕ್ಕೊಮ್ಮೆ. ಆ ಜಮೀನನ್ನು 45 ಪಟ್ಟಿ ಮಾಡಿ ದಿನಕ್ಕೊಂದು ಪಟ್ಟಿ ಕೊಯ್ಯಿರಿ. ಕೊನೆಯ ಪಟ್ಟಿ ಕೊಯ್ಯುವ ಹೊತ್ತಿಗೆ ಮೊದಲನೆಯದು ಮತ್ತೆ ಬೆಳೆದಿರುತ್ತದೆ. ಒಂದು ಪಟ್ಟಿಯ ಮೇವನ್ನು ಒಮ್ಮೆ ತೂಕ ಹಾಕಿ ನೋಡಿ. 75 ಕೆ.ಜಿ.ಗೆ ಕಡಿಮೆ ಬಂದರೆ ಇನ್ನೆಷ್ಟು ಗುಂಟೆ ಬೇಕು ಎಂದು ನಿಮಗೇ ತಿಳಿಯುತ್ತದೆ. ನೇಪಿಯರ್ ಒಂದನ್ನೇ ಹಾಕಬೇಡಿ. ಜೊತೆಗೆ ಅಲಸಂದೆ ಅಥವಾ ಕುದುರೆ ಮೆಂತೆ ಇದ್ದರೆ ಹಿಂಡಿಯ ಖರ್ಚು ಇಳಿಯುತ್ತದೆ.

ನೀರಿಲ್ಲದವರು ಮಳೆಗಾಲದಲ್ಲಿ ಮುಸುಕಿನ ಜೋಳ ಬಿತ್ತಿ, ಕಾಳು ಹಾಲುಗಟ್ಟಿ ಗಟ್ಟಿಯಾಗುವ ಹಂತದಲ್ಲಿ ಕೊಯ್ದು ರಸಮೇವು ಮಾಡಿಟ್ಟುಕೊಳ್ಳಿ. ಗಾಳಿಯಾಡದಂತೆ ತುಳಿದು ಮುಚ್ಚಿದರೆ 45 ದಿನಕ್ಕೆ ಸಿದ್ಧವಾಗುತ್ತದೆ, ಬೇಸಿಗೆಗೆ ಒದಗುತ್ತದೆ. ಹುಲ್ಲು ಕೊಳ್ಳುವವರು ಒಕ್ಕಣೆ ಮುಗಿದ ಕೂಡಲೇ ಕೊಳ್ಳಿ. ಏಪ್ರಿಲ್‌ನಲ್ಲಿ ಅದೇ ಹುಲ್ಲಿಗೆ ಬೇರೆಯದೇ ಬೆಲೆ. ಇದಕ್ಕೆ ಹಣ ಬೇಕು, ಆದ್ದರಿಂದ ಹಾಲು ಹೆಚ್ಚಿರುವ ತಿಂಗಳಲ್ಲೇ ಸ್ವಲ್ಪ ಎತ್ತಿಡಬೇಕು.

ಪಶು ಆಹಾರವನ್ನು ಎಲ್ಲ ಹಸುವಿಗೂ ಒಂದೇ ಅಳತೆಯಲ್ಲಿ ಹಾಕಬೇಡಿ. ದೇಹ ಪೋಷಣೆಗೆ ಒಂದೂವರೆಯಿಂದ 2 ಕೆ.ಜಿ., ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಗಬ್ಬದ ಕೊನೆಯ ಎರಡು ತಿಂಗಳು ಹಾಲಿಲ್ಲವೆಂದು ಹಿಂಡಿ ನಿಲ್ಲಿಸಿದರೆ ಮುಂದಿನ ಸೂಲಿನ ಹಾಲಿಗೆ ನಾವೇ ಕತ್ತರಿ ಹಾಕಿದಂತೆ.

ಕ್ಯಾಲೆಂಡರಿನಲ್ಲಿ ಬರೆಯಬೇಕಾದ ಇತರ ದಿನಗಳು

ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸಲ. ಗಳಲೆ ರೋಗ ಮತ್ತು ಚಪ್ಪೆ ರೋಗದ ಲಸಿಕೆ ಮುಂಗಾರಿಗೆ ಮೊದಲು. ಚರ್ಮಗಂಟು ರೋಗದ ಲಸಿಕೆ ವರ್ಷಕ್ಕೊಮ್ಮೆ. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಕಂದು ರೋಗದ ಲಸಿಕೆ ಒಂದೇ ಸಲ. ಜಂತುನಾಶಕ ವೈದ್ಯರ ಸಲಹೆಯಂತೆ. ವಿಮೆಯ ಕೊನೆಯ ದಿನಾಂಕವನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ಅವಧಿ ಮುಗಿದ ಮಾರನೇ ದಿನ ಹಸು ಸತ್ತರೂ ವಿಮೆ ಬರುವುದಿಲ್ಲ.

ಮನೆಯ ದೊಡ್ಡ ಖರ್ಚುಗಳನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಜೂನ್‌ನಲ್ಲಿ ಮಕ್ಕಳ ಶಾಲೆ ಕಾಲೇಜಿನ ಶುಲ್ಕ, ಬಿತ್ತನೆಯ ಬೀಜ ಗೊಬ್ಬರ, ಹಬ್ಬ, ಸಾಲದ ಕಂತು. ಹಸುವಿನ ದಿನಗಳು ಮತ್ತು ಮನೆಯ ದಿನಗಳು ಪಕ್ಕಪಕ್ಕದಲ್ಲಿ ಕಂಡಾಗ ಯಾವ ತಿಂಗಳು ಕೈ ಬಿಗಿಯಾಗುತ್ತದೆ ಎಂದು ಮೊದಲೇ ಗೊತ್ತಾಗುತ್ತದೆ. ಮೊದಲೇ ಗೊತ್ತಾದರೆ ಪ್ರತಿ ಬಟವಾಡೆಯಲ್ಲೂ ಸ್ವಲ್ಪ ಸ್ವಲ್ಪ ಬೇರೆ ಇಡಬಹುದು.

ಇನ್ನೊಂದು ಹಸು ಕೊಳ್ಳುವ ಮುನ್ನ

ಹೊಸ ವರ್ಷ ಬಂದಾಗ ಇನ್ನೊಂದು ಹಸು ಕಟ್ಟುವ ಮನಸ್ಸಾಗುತ್ತದೆ. ಕಟ್ಟಬಾರದೆಂದಲ್ಲ. ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇರುವ ಹಸುಗಳೆಲ್ಲ ಸಮಯಕ್ಕೆ ಗಬ್ಬ ನಿಲ್ಲುತ್ತಿವೆಯೇ? ಇರುವ ಹಸುಗಳಿಗೆ ವರ್ಷಪೂರ್ತಿ ಮೇವು ಸಾಕಾಗುತ್ತಿದೆಯೇ? ಹೊಸ ಹಸುವಿನ ಸಗಣಿ ಬಾಚುವವರು, ಹಾಲು ಕರೆಯುವವರು ಯಾರು? ಮೂರಕ್ಕೂ ಸರಿಯಾದ ಉತ್ತರವಿದ್ದರೆ ಧೈರ್ಯವಾಗಿ ಕೊಳ್ಳಿ. ಇಲ್ಲದಿದ್ದರೆ ಈ ವರ್ಷ ಇರುವುದನ್ನು ಸರಿಪಡಿಸಿ. ಕೊಟ್ಟಿಗೆಯಲ್ಲಿ ಖಾಲಿ ನಿಂತ ಕೆಂಪಿ ಗಬ್ಬ ಕಟ್ಟಿದರೆ ಅದೇ ನಿಮಗೆ ಹೊಸ ಹಸು, ಅದಕ್ಕೆ ಸಾಲ ಬೇಕಿಲ್ಲ.

ಈ ವಾರವೇ ಮಾಡಿ

1. ಒಂದು ದೊಡ್ಡ ಕ್ಯಾಲೆಂಡರ್ ತಂದು ಕೊಟ್ಟಿಗೆಯ ಬಾಗಿಲ ಬಳಿ, ನೀರು ತಾಗದ ಕಡೆ ನೇತುಹಾಕಿ. ಪಕ್ಕದಲ್ಲೇ ಪೆನ್ನು ಕಟ್ಟಿ.

2. ಪ್ರತಿ ಹಸುವಿನ ಹೆಸರು, ಕರು ಹಾಕಿದ ದಿನ, ಗರ್ಭಧಾರಣೆ ದಿನ, ಹಾಲು ಬತ್ತಿಸಬೇಕಾದ ದಿನ, ಕರು ಹಾಕುವ ದಿನ ಬರೆಯಿರಿ. ದಿನಾಂಕ ಗೊತ್ತಿಲ್ಲದ ಹಸುವನ್ನು ಈ ವಾರವೇ ಪರೀಕ್ಷೆ ಮಾಡಿಸಿ.

3. ಈ ವರ್ಷಕ್ಕೆ ಮೂರೇ ಗುರಿ ಬರೆಯಿರಿ. ಪ್ರತಿಯೊಂದರ ಮುಂದೆ ಯಾರು ಮಾಡುತ್ತಾರೆ, ಯಾವ ದಿನದೊಳಗೆ ಎಂದು ಬರೆಯಿರಿ. ಹತ್ತು ಗುರಿ ಬರೆದು ಮರೆಯುವುದಕ್ಕಿಂತ ಮೂರು ಬರೆದು ಮುಗಿಸುವುದು ಮೇಲು.

4. ತಿಂಗಳಿಗೊಮ್ಮೆ ಬಟವಾಡೆಯ ದಿನ ಮನೆಯವರೆಲ್ಲ ಹದಿನೈದು ನಿಮಿಷ ಕೂತು ಕ್ಯಾಲೆಂಡರ್ ನೋಡಿ. ತಪ್ಪಿದ್ದರೆ ದಿನಾಂಕ ತಿದ್ದಿ ಮುಂದಿನ ಲೆಕ್ಕ ಮತ್ತೆ ಹಾಕಿ.

ಯೋಜನೆ ಬರೆದ ಮಾತ್ರಕ್ಕೆ ಮಳೆ ಬರುವುದಿಲ್ಲ, ಹಸುವಿಗೆ ಕಾಯಿಲೆ ಬರದೇ ಇರುವುದಿಲ್ಲ. ಹಾಕಿದ ಲೆಕ್ಕ ಕೆಲವು ತಪ್ಪುತ್ತವೆ. ಆದರೆ ಬರೆದಿಟ್ಟವರಿಗೆ ಎಷ್ಟು ತಪ್ಪಿತು ಎಂಬುದಾದರೂ ಗೊತ್ತಿರುತ್ತದೆ, ತಿದ್ದಿಕೊಳ್ಳಲು ದಾರಿ ಇರುತ್ತದೆ. ಇಂದು ಸಂಜೆ ಹಾಲು ಹಾಕಿ ಬಂದ ಮೇಲೆ ಕೊಟ್ಟಿಗೆಗೆ ಹೋಗಿ. ಪ್ರತಿ ಹಸುವಿನ ಮುಂದೆ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದರ ಮುಂದಿನ ಕರು ಯಾವಾಗ? ಉತ್ತರ ಗೊತ್ತಿಲ್ಲದ ಹಸು ಯಾವುದೋ, ನಿಮ್ಮ ಈ ವರ್ಷದ ಮೊದಲ ಗುರಿ ಅದೇ.